ಬಿಡುಗಡೆಯ ಕಾಗದ, ಉಳುವ ನೆಲ

ಗುಲಾಮಗಿರಿ ಕತ್ತಿಯಿಂದ ಕೊನೆಯಾಗಬೇಕೋ ಕಾನೂನಿನಿಂದಲೋ? ಅಮೆರಿಕದ ಜಾನ್ ಬ್ರೌನನ ಹೆಸರು ಬಂದಾಗಲೆಲ್ಲ ಈ ಜಗಳ ಏಳುತ್ತದೆ. ದೇವರೇ ತನ್ನನ್ನು ಈ ಕೆಲಸಕ್ಕೆ ನೇಮಿಸಿದ್ದಾನೆಂದು ನಂಬಿದ್ದ ಆತ, 1856ರಲ್ಲಿ ಕಾನ್ಸಾಸ್‌ನಲ್ಲಿ ಎದುರು ಪಕ್ಷದ ಐವರನ್ನು ರಾತ್ರಿ ಮನೆಯಿಂದ ಹೊರಗೆಳೆಸಿ ಕೊಲ್ಲಿಸಿದ. 1859ರಲ್ಲಿ ಹಾರ್ಪರ್ಸ್ ಫೆರಿಯ ಶಸ್ತ್ರಾಗಾರಕ್ಕೆ ನುಗ್ಗಿ ಸಿಕ್ಕಿಬಿದ್ದು ಗಲ್ಲಿಗೇರಿದ. ಅನ್ಯಾಯವನ್ನು ಪಾಪವೆಂದು ಕಾಣುವ ಕಣ್ಣು ಕೊಟ್ಟ ನಂಬಿಕೆಯೇ, ವಿಚಾರಣೆಯಿಲ್ಲದೆ ಕೊಲ್ಲುವ ಧೈರ್ಯವನ್ನೂ ಕೊಟ್ಟಿತು. ಮೊದಲನೆಯದಕ್ಕಾಗಿ ಎರಡನೆಯದನ್ನು ಮನ್ನಿಸಬೇಕಿಲ್ಲ.

ಮದ್ರಾಸು ಹಿಡಿದದ್ದು ಇನ್ನೊಂದು ದಾರಿ. 1680ರ ದಶಕದಲ್ಲಿ ಸೇಂಟ್ ಜಾರ್ಜ್ ಕೋಟೆಯ ಕರಾವಳಿಯಿಂದ ಗುಲಾಮರು ಹಡಗು ಹತ್ತುತ್ತಿದ್ದರು. 1843ರ 5ನೇ ಕಾಯ್ದೆ ಒಂದು ಹನಿ ರಕ್ತವಿಲ್ಲದೆ ಬಂತು: ಮನುಷ್ಯನ ಮೇಲಿನ ಒಡೆತನವನ್ನು ಕೋರ್ಟು ಇನ್ನು ಒಪ್ಪುವುದಿಲ್ಲ ಎಂದಿತು. ಆದರೆ ಹೊಲ, ಗುಡಿಸಲ ಜಾಗ, ಸಾಲದ ಲೆಕ್ಕ ಎಲ್ಲವೂ ಒಡೆಯನ ಕೈಯಲ್ಲೇ ಉಳಿದವು. ಸುಮಾರು ಐವತ್ತು ವರ್ಷಗಳ ನಂತರ ಚೆಂಗಲ್ಪಟ್ಟಿನ ಕಲೆಕ್ಟರ್ ಟ್ರೆಮೆನ್‌ಹೀರ್ ಪರೆಯರ ಸ್ಥಿತಿಯ ಬಗ್ಗೆ ವರದಿ ಬರೆದಾಗ ಅದರ ತಿರುಳು ಭೂಮಿಯೇ ಆಗಿತ್ತು. 1892ರ ಆದೇಶದಿಂದ ಹುಟ್ಟಿದ್ದು ಪಂಚಮಿ ಭೂಮಿ. ಅದನ್ನು ಬೇರೆ ಜಾತಿಯವರಿಗೆ ಮಾರದಂತೆ ಷರತ್ತು ಹಾಕಲಾಯಿತು. ಆದರೂ ಬಹಳಷ್ಟು ಕೈತಪ್ಪಿತು. 1994ರಲ್ಲಿ ಕಾರಣೈಯ ಪಂಚಮಿ ಭೂಮಿಗಾಗಿ ನಡೆದ ಹೋರಾಟದಲ್ಲಿ ಪೊಲೀಸರ ಗುಂಡಿಗೆ ಇಬ್ಬರು ಬಲಿಯಾದರು. ರಕ್ತ ಹರಿಯದ ಕಾನೂನು ಎಂಬ ಹೆಮ್ಮೆಗೆ ಇದೇ ಉತ್ತರ.

ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಾರಂತರ 'ಚೋಮನ ದುಡಿ' ಬಂದಾಗ ದಕ್ಷಿಣ ಕನ್ನಡ ಮದ್ರಾಸು ಪ್ರಾಂತಕ್ಕೇ ಸೇರಿತ್ತು. 1843ರ ಕಾಯ್ದೆ ಅಲ್ಲಿಗೂ ಅನ್ವಯಿಸುತ್ತಿತ್ತು. ಚೋಮ ಆಸೆಪಟ್ಟದ್ದು ಬಿಡುಗಡೆಯ ಕಾಗದಕ್ಕಲ್ಲ, ಸ್ವಂತಕ್ಕೆ ಉಳುವ ತುಂಡು ನೆಲಕ್ಕೆ.

ಕತ್ತಿಯ ದಾರಿಯೂ ಅಲ್ಲಿಗೇ ಬಂದು ನಿಂತಿತು. ಲಕ್ಷಾಂತರ ಜನ ಸತ್ತ ಯುದ್ಧದ ಕೊನೆಗೆ, 1865ರಲ್ಲಿ, ಬಿಡುಗಡೆಯಾದ ಕುಟುಂಬಗಳಿಗೆ ತಲಾ 40 ಎಕರೆವರೆಗೆ ಭೂಮಿ ಕೊಡುವ ಆದೇಶ ಹೊರಟಿತು. ಅದೇ ವರ್ಷ ಅಧ್ಯಕ್ಷ ಜಾನ್ಸನ್ ಆ ಭೂಮಿಯನ್ನು ಹಳೆಯ ಒಡೆಯರಿಗೆ ಮರಳಿಸತೊಡಗಿದ.

1976ರ ಜೀತ ನಿರ್ಮೂಲನ ಕಾಯ್ದೆಯ ನಂತರವೂ ಚೆನ್ನೈ ಸುತ್ತಲಿನ ಇಟ್ಟಿಗೆ ಗೂಡು, ಅಕ್ಕಿ ಗಿರಣಿಗಳಿಂದ ಇರುಳ ಕುಟುಂಬಗಳನ್ನು ಬಿಡಿಸಲಾಗಿದೆ. ಅವರ ಕೈಗೆ ಬಿಡುಗಡೆ ಪತ್ರ ಬರುತ್ತದೆ, ಪರಿಹಾರದ ಹಣವೂ ಮಂಜೂರಾಗುತ್ತದೆ. ನೆಲವಿಲ್ಲದವನು ಮುಂದಿನ ಮುಂಗಡಕ್ಕೆ ಮತ್ತೆ ಕೈಚಾಚಲೇಬೇಕು. ಕೈತಪ್ಪಿದ ಪಂಚಮಿ ಭೂಮಿಯನ್ನು ಗುರುತಿಸಿ ಮರಳಿಸುವುದು ಸರ್ಕಾರದ ಕೈಯಲ್ಲೇ ಇರುವ ಕೆಲಸ. ಅದನ್ನು ಮಾಡದೆ ಬ್ರೌನನ ಹಿಂಸೆಯನ್ನಷ್ಟೇ ಖಂಡಿಸುವುದು ಸುಲಭದ ನೀತಿ.