ಗುರೆಳ್ಳ ಪುಡಿ ಮತ್ತು ಖಾನಾವಳಿ ಬೋರ್ಡು

ಗುರೆಳ್ಳು ಸಣ್ಣ ಉರಿಯಲ್ಲಿ ಚಟಪಟ ಅನ್ನೋವರೆಗೆ ಹುರೀರಿ. ಆರಿದ ಮ್ಯಾಲೆ ಹುರಿದ ಬ್ಯಾಡಗಿ ಮೆಣಸಿನಕಾಯಿ, ಜೀರಿಗಿ, ಉಪ್ಪು ಹಾಕಿ ಕುಟ್ಟಿ, ಕಡೀಕ ಬೆಳ್ಳುಳ್ಳಿ ಜಜ್ಜಿ ಹಾಕ್ರಿ. ರಾಜಗಿರಿ ಪಲ್ಯ ಬೆಂದು ನೀರು ಇಂಗಿದಾಗ ಎರಡು ಚಮಚ ಸಾಕು. ಗುರೆಳ್ಳಾಗ ಎಣ್ಣಿ ಇರ್ತದ, ಒಗ್ಗರಣಿ ಇಲ್ಲದಿದ್ರೂ ನಡೀತದ. ಎಣ್ಣಿಗೆ ರೊಕ್ಕ ಇಲ್ಲದ ಮನಿಗೆ ಇದೇ ಆಧಾರ. ನಮ್ಮವ್ವ ಕಂಡವರ ಹೊಲದಾಗ ಕಳೆ ಕೀಳಾಕ ಹೋಗಿ, ಆ ಕಳೆಯೊಳಗಿನ ತಪ್ಪಲಾನೇ ಉಡಿಯಾಗ ತರ್ತಿದ್ಲು.

ಈಗ ಹುಬ್ಬಳ್ಳಿ-ಧಾರವಾಡದಾಗ ಅದು ‘ಉತ್ತರ ಕರ್ನಾಟಕದ ಊಟ’. ಖಾನಾವಳಿ ಬೋರ್ಡಿನ ಮ್ಯಾಲೆ ಮೇಲ್ಜಾತಿ ಹೆಸರು ರಾಜಾರೋಷವಾಗಿ ಇರ್ತದ, ಯಾರೂ ಅದನ್ನ ಜಾತೀಯತೆ ಅನ್ನಂಗಿಲ್ಲ. ನಾನು ‘ಮಾದಿಗರ ಖಾನಾವಳಿ’ ಅಂತ ಬರೆಸಿದ್ರ ಎಷ್ಟು ಮಂದಿ ಒಳಗ ಬರ್ತೀರಿ? ಬರ್ತೀನಿ ಅನ್ನೋರು ಕಮೆಂಟಿನಾಗ ಹೇಳ್ರಿ. ಅವ್ವ ಕೊಟ್ಟ ಪುಡಿ ಡಬ್ಬಿ ಒಮ್ಮೆ ಮುಚ್ಚಳಾ ತೆರೀದೇ ಹೊಳ್ಳಿ ಬಂದಿತ್ತು.