ನಾರುಹುಳುವಿಗೂ ಪಾಠದಲ್ಲೊಂದು ಸ್ಥಾನ ಬೇಡವೆ?

ಪ್ರಾಣಿಶಾಸ್ತ್ರವನ್ನೋದುವ ಮಿತ್ರರಿಗೆ ಲ್ಯಾಂಪ್ರೆ ಎಂಬ ಜಲಚರದ ಪರಿಚಯವುಂಟು. ಹಾವಿನಂಥ ಮೈ, ದವಡೆಯಿಲ್ಲದ ದುಂಡು ಬಾಯಿ, ಬಾಯ ತುಂಬ ಹಲ್ಲು. ಬೇರೊಂದು ಮೀನಿಗೆ ಜಿಗಣೆಯಂತೆ ಕಚ್ಚಿಕೊಂಡು, ಅದರ ಮೈಯನ್ನು ನಾಲಗೆಯಿಂದ ಕೆರೆದು ರಕ್ತ ಹೀರುವುದೇ ಅದರ ಜೀವನಕ್ರಮ. ಮರಿಯಾಗಿದ್ದಾಗಲಾದರೋ ಬಡಪಾಯಿ, ಹೊಳೆಯ ಕೆಸರಿನಲ್ಲಿ ಹಲವು ವರ್ಷ ಹುದುಗಿದ್ದು, ನೀರಿನಲ್ಲಿ ತೇಲಿಬಂದದ್ದನ್ನು ಸೋಸಿ ತಿನ್ನುವುದು. ವಿಚಿತ್ರ ಜೀವಿಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದು ತಣ್ಣನೆಯ ದೇಶಗಳ ವಾಸಿ. ಸಿರುಗುಪ್ಪದ ಬಳಿ ತುಂಗಭದ್ರೆಯಲ್ಲಿ ಎಷ್ಟು ಬಲೆ ಬೀಸಿದರೂ ಸಿಕ್ಕದು.

ನಮ್ಮ ಬಯಲುಸೀಮೆಯ ನೀರನ್ನು ಆಳಿದ ಪರೋಪಜೀವಿ ಬೇರೆ. ಅದು ನಾರುಹುಳು. ಅದರ ಹೆಸರನ್ನು ಬಲ್ಲ ವಿದ್ಯಾರ್ಥಿಗಳು ಇಂದು ನಮ್ಮಲ್ಲಿ ಎಷ್ಟು ಮಂದಿ?

ಈ ಹುಳುವಿನ ಮರಿಯನ್ನು ಸೈಕ್ಲಾಪ್ಸ್ ಎಂಬ, ಕಂಡೂ ಕಾಣದಷ್ಟು ಸಣ್ಣ ಜಲಜಂತು ನುಂಗುತ್ತದೆ. ಆ ನೀರನ್ನು ಕುಡಿದವನ ಹೊಟ್ಟೆಯೊಳಗೆ ಜಂತು ಸಾಯುತ್ತದೆ, ಮರಿ ಉಳಿಯುತ್ತದೆ. ಸುಮಾರು ಒಂದು ವರ್ಷ ಯಾವ ಸುಳಿವೂ ಇಲ್ಲ. ಆಮೇಲೆ ಎರಡು ಮೊಳದವರೆಗೂ ಬೆಳೆದ ಹೆಣ್ಣು ಹುಳು, ಸಾಮಾನ್ಯವಾಗಿ ಕಾಲಿನಲ್ಲಿ, ಬೊಕ್ಕೆಯೆಬ್ಬಿಸಿ ಹೊರಬರುವುದು. ಬೆಂಕಿಯಿಟ್ಟಂಥ ಉರಿ! ಉರಿಗೆ ತಂಪೆಂದು ಕಾಲನ್ನು ನೀರಿಗಿಟ್ಟರೆ ಸಾಕು, ಹುಳು ಸಾವಿರಾರು ಮರಿಗಳನ್ನು ಅಲ್ಲೇ ಚೆಲ್ಲಿಬಿಡುತ್ತದೆ. ಮೆಟ್ಟಿಲುಬಾವಿಯಲ್ಲಿ ನೀರಿಗಿಳಿದೇ ಕೊಡ ತುಂಬಬೇಕು. ಹುಳುವಿಗೆ ಬೇಕಾದದ್ದೂ ಅದೇ. ಹೊರಬಂದ ಹುಳುವನ್ನು ಕಡ್ಡಿಗೆ ಸುತ್ತಿ ದಿನಕ್ಕಿಷ್ಟಿಷ್ಟೇ ಎಳೆಯಬೇಕಾಗಿತ್ತು. ನಡುವೆ ಹರಿದರೆ ಕೀವು, ಬಾವು, ವಾರಗಟ್ಟಲೆ ಹಾಸಿಗೆ. ಬಿತ್ತನೆಯ ಹೊತ್ತಿಗೆ ಹೀಗೆ ಮಲಗಿದ ರೈತನ ಗತಿಯೇನು?

ಇದಕ್ಕೆ ಲಸಿಕೆಯಿಲ್ಲ, ಕೊಲ್ಲುವ ಔಷಧವೂ ಇಲ್ಲ. ಆದರೂ ದೇಶದಲ್ಲಿ 1983-84ರಲ್ಲಿ ಆರಂಭವಾದ ನಿರ್ಮೂಲನ ಕಾರ್ಯಕ್ರಮ ಅದನ್ನು ಗೆದ್ದಿತು. ನೀರನ್ನು ಬಟ್ಟೆಯಲ್ಲಿ ಸೋಸುವುದು, ಮೆಟ್ಟಿಲುಬಾವಿಯನ್ನು ಸೇದುವ ಬಾವಿಯಾಗಿಸುವುದು, ಕೊಳವೆಬಾವಿ ಕೊರೆಸುವುದು, ಸೈಕ್ಲಾಪ್ಸ್ ಸಾಯುವಂತೆ ನೀರಿಗೆ ಮದ್ದು ಹಾಕುವುದು, ಇವೇ ಆಯುಧಗಳು. ಕೊನೆಯ ರೋಗಿ ಕಂಡದ್ದು 1996ರ ಜುಲೈಯಲ್ಲಿ, ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ನಾರುಹುಳು ಮುಕ್ತವೆಂದು ಸಾರಿತು. ಅತ್ತ ಅಮೆರಿಕದ ಮಹಾಸರೋವರಗಳಲ್ಲಿ ಲ್ಯಾಂಪ್ರೆ ಮರಿಗಳನ್ನು ಕೊಲ್ಲಲು 1958ರಿಂದ ಹೊಳೆಗಳಿಗೆ ವಿಷ ಬೆರೆಸುತ್ತಲೇ ಇದ್ದಾರೆ. ಅದಿನ್ನೂ ಅಲ್ಲಿಂದ ತೊಲಗಿಲ್ಲ.

ಹೋದ ಪೀಡೆಯ ಪಾಠವೇಕೆ ಎನ್ನುವವರುಂಟು. ಪೂರ್ತಿ ಹೋಗಿಲ್ಲ, ಸ್ವಾಮಿ. 2024ರಲ್ಲಿಯೂ ಆಫ್ರಿಕದಲ್ಲಿ 15 ಮಂದಿಗೆ ತಗುಲಿತು. ಅಲ್ಲಿನ ನಾಯಿಗಳಲ್ಲಿಯೂ ಅದು ಸೇರಿಕೊಂಡಿದೆ. ಅಷ್ಟೇಕೆ, ಇದು ಪ್ರಾಣಿಶಾಸ್ತ್ರದವರ ಸೊತ್ತು ಮಾತ್ರವೂ ಅಲ್ಲ. ಬಾವಿಗೆ ಯಾರು ಇಳಿಯಬಹುದಿತ್ತು, ಯಾರು ದೂರ ನಿಲ್ಲಬೇಕಾಗಿತ್ತು, ಯಾವ ಕೇರಿಗೆ ಕೊಳವೆಬಾವಿ ಮೊದಲು ಬಂದಿತು ಎಂಬುದು ಚರಿತ್ರೆ ಮತ್ತು ಸಮಾಜಶಾಸ್ತ್ರದವರು ಕೇಳಬೇಕಾದ ಪ್ರಶ್ನೆ. ಕಾಲಿನಲ್ಲಿ ನಾರುಹುಣ್ಣಿನ ಕಲೆಯುಳ್ಳ ಅಜ್ಜ ಅಜ್ಜಿಯರು ಬಯಲುಸೀಮೆಯಲ್ಲಿ ಇನ್ನೂ ಇದ್ದಾರೆ. ಬಹಳ ಕಾಲ ಇರಲಾರರು. ಬಳ್ಳಾರಿ, ಸಿರುಗುಪ್ಪ, ಕುರುಗೋಡುಗಳ ಕಲಾ ವಿದ್ಯಾರ್ಥಿಗಳು ಈ ಬೇಸಿಗೆಯ ರಜೆಯಲ್ಲಿ ತಮ್ಮ ತಮ್ಮ ಊರಿನ ಹಳೆಯ ಬಾವಿಯ ಬಳಿ ಹೋಗಿ, ಹಿರಿಯರನ್ನು ಕೇಳಿ ಬರೆದುಕೊಂಡು ಬರಲಿ. ಮುಂದಿನ ಸಂಚಿಕೆಯಲ್ಲಿ ಅದಕ್ಕೆ ಪುಟಗಳನ್ನು ಮೀಸಲಿಡುವಂತೆ ಸಂಪಾದಕ ಮಂಡಳಿಯನ್ನು ಕೇಳಿಕೊಳ್ಳುತ್ತೇನೆ.