ಸಾಲ ಯೆನ್ನಿನಲ್ಲಿ, ಕೂಲಿ ರೂಪಾಯಿಯಲ್ಲಿ



ಬೆಂಗಳೂರು ಕುಡಿಯುವ ಕಾವೇರಿ ನೀರು ಹೋಗೋದು ನಮ್ಮ ಕಡೆಯಿಂದಲೇ. ತೊರೆಕಾಡನಹಳ್ಳಿಯಲ್ಲಿ ಎತ್ತಿ, ಹಾರೋಹಳ್ಳಿಯಲ್ಲಿ, ತಾತಗುಣಿಯಲ್ಲಿ ಮತ್ತೆ ಎತ್ತಿ ಊರು ಮುಟ್ಟಿಸುತ್ತಾರೆ. ಆ ಪೈಪುಗಳಿಗೆ ಸುರಿದ ಹಣದಲ್ಲಿ ದೊಡ್ಡ ಪಾಲು ಜಪಾನಿನ ಸಾಲ. ನಾಲ್ಕನೇ ಹಂತಕ್ಕೆ 1996ರಲ್ಲಿ ಶುರುವಾದದ್ದು, ಐದನೇ ಹಂತಕ್ಕೆ 2018ರಲ್ಲಿ ಮತ್ತೆ 4,500 ಕೋಟಿ ಯೆನ್.

ಇದು ನಮಗ್ಯಾಕೆ, ಕಾಮರ್ಸ್ ಓದೋರು ನೋಡ್ಕೊಳ್ಳಲಿ ಅಂತ ಹಾಸ್ಟೆಲಿನಲ್ಲಿ ಕೆಲವರು ಅನ್ನಬಹುದು. ಬಾಬಾಸಾಹೇಬರು 1923ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದ ಪುಸ್ತಕದ ವಿಷಯವೇ ರೂಪಾಯಿ. ರೂಪಾಯಿ ಬೆಲೆ ಇಳಿದಾಗ ಸಾಮಾನಿನ ಬೆಲೆ ಏರಿದಷ್ಟು ಬೇಗ ಕೂಲಿ ಏರೋದಿಲ್ಲ, ರಫ್ತುದಾರನಿಗೆ ಸಿಗುವ ಲಾಭ ಕೂಲಿಯವನ ಹೊಟ್ಟೆಯಿಂದ ಕಿತ್ತದ್ದು ಎಂಬುದು ಅವರ ವಾದಗಳಲ್ಲೊಂದು.

ದೊಡ್ಡಆಲಹಳ್ಳಿಯ ಯಾವ ಕೂಲಿಯವರನ್ನು ಬೇಕಾದರೂ ಕೇಳಿ, ಈ ಲೆಕ್ಕ ಗೊತ್ತು. ಸುಗ್ಗಿಯಲ್ಲಿ ರೇಟು ಬಿದ್ದಾಗ ಹತ್ತು ಸೇರು ರಾಗಿ ಸಾಲ ತರೋದು, ರೇಟು ಏರಿದ ಮೇಲೆ ಕೂಲಿ ದುಡ್ಡಲ್ಲಿ ಕೊಂಡು ಅದೇ ಹತ್ತು ಸೇರು ಅಳೆಯೋದು. ಬಡ್ಡಿ ಇಲ್ಲ ಅಂತ ಧಣಿ ಹೇಳಿದರೂ ಬಡ್ಡಿ ಎಲ್ಲಿದೆ ಅನ್ನೋದು ಅಳೆಯುವವನಿಗೆ ಗೊತ್ತು.

ಯೆನ್ ಸಾಲವೂ ಹಾಗೆಯೇ. ಬಡ್ಡಿ ಬಹಳ ಕಡಿಮೆ, ಕಂತು ದಶಕಗಳ ಕಾಲ. ಆದರೆ 2005ರಲ್ಲಿ 100 ಯೆನ್ನಿಗೆ ಸುಮಾರು 41 ರೂಪಾಯಿ ಇದ್ದದ್ದು 2012ರ ಹೊತ್ತಿಗೆ 67ರ ಹತ್ತಿರ ಹೋಯಿತು. ಆಮೇಲೆ ಯೆನ್ನೇ ಬಿದ್ದು 2024ರಲ್ಲಿ 56ರ ಆಸುಪಾಸಿಗೆ ಬಂತು. ಇದು ನಮ್ಮವರ ಜಾಣತನ ಅಲ್ಲ, ಅದೃಷ್ಟ.

ಕಂಪನಿಗಳೂ ಹೀಗೇ ತರುತ್ತವೆ. ಬೆಂಗಳೂರಿನ ಸಬೆಕ್ಸ್ ಎಂಬ ಸಾಫ್ಟ್‌ವೇರ್ ಕಂಪನಿ ಕೆನಡಾದ ಕಂಪನಿಯೊಂದನ್ನು ಕೊಳ್ಳಲು 2007ರಲ್ಲಿ 18 ಕೋಟಿ ಡಾಲರ್ ಬಾಂಡ್ ಸಾಲ ಎತ್ತಿತು. ಸಾಲ ಕೊಟ್ಟವರು ಬೇಕಾದರೆ ಅದನ್ನು ಷೇರು ಮಾಡಿಕೊಳ್ಳಬಹುದಿತ್ತು. 2008ರಲ್ಲಿ ಷೇರುಪೇಟೆ ಕುಸಿಯಿತು, ಷೇರು ಯಾರಿಗೆ ಬೇಕು? ಅಷ್ಟರಲ್ಲಿ ಡಾಲರ್ 44ರಿಂದ 55 ರೂಪಾಯಿಯ ಕಡೆಗೆ. ಅಸಲು ಹಾಗೇ ಉಳಿದಿದ್ದರೆ ಬಡ್ಡಿ ಬಿಟ್ಟೇ ಸುಮಾರು 200 ಕೋಟಿ ರೂಪಾಯಿ ಜಾಸ್ತಿ ಹೊರೆ. ಕಂಪನಿ ಏನು ಮಾಡಿತು? 2009ರಲ್ಲಿ, ಮತ್ತೆ 2012ರಲ್ಲಿ ಸಾಲಗಾರರ ಜೊತೆ ಕೂತು ಸಾಲವನ್ನು ಹೊಸದಾಗಿ ಬರೆಸಿಕೊಂಡಿತು. ಕಾನೂನಿನಲ್ಲಿ ಅದಕ್ಕೆ ದಾರಿ ಇದೆ, ತಪ್ಪೆನ್ನೋದಿಲ್ಲ. ಹತ್ತು ಸೇರು ರಾಗಿಯವನಿಗೆ ಆ ದಾರಿ ಯಾರು ತೋರಿಸಿದರು?

ನೀರಿನ ಸಾಲದಲ್ಲಿ ಏರುಪೇರಿನ ಹೊರೆ ಯಾರದು ಅನ್ನೋದೇ ಮುಖ್ಯ. 2005ರ ಏಪ್ರಿಲ್‌ನಿಂದ ಕೇಂದ್ರ ಸರ್ಕಾರ ವಿದೇಶಿ ಸಾಲವನ್ನು ಬಂದ ಷರತ್ತಿನಲ್ಲೇ ರಾಜ್ಯಗಳಿಗೆ ದಾಟಿಸುತ್ತದೆ. ಅಂದರೆ ಯೆನ್ ಏರಿದರೆ ಪೆಟ್ಟು ರಾಜ್ಯದ ಖಜಾನೆಗೆ, ಇಲ್ಲವೇ ಜಲಮಂಡಳಿಗೆ, ಕೊನೆಗೆ ನಲ್ಲಿಯ ಬಿಲ್ಲಿಗೆ. ಹಾಸ್ಟೆಲಿನ ಊಟಕ್ಕೆ ದುಡ್ಡು ಬರೋದೂ ಅದೇ ಖಜಾನೆಯಿಂದ. ಸ್ಕಾಲರ್‌ಶಿಪ್ ಆರು ತಿಂಗಳು ತಡವಾದರೆ ಕೇಳುವವರಿಲ್ಲ, ಟೋಕಿಯೋದ ಕಂತು ಒಂದು ದಿನವೂ ತಡವಾಗಬಾರದು.

2025ರ ಏಪ್ರಿಲ್‌ನಲ್ಲಿ, ಹನ್ನೊಂದು ವರ್ಷದ ಮೇಲೆ, ಬೆಂಗಳೂರಿನ ನೀರಿನ ದರ ಏರಿತು. ಅದರಲ್ಲಿ ವಿದೇಶಿ ಕಂತಿನ ಪಾಲೆಷ್ಟು, ಯೆನ್ ಏರಿದರೆ ನಷ್ಟ ಕಟ್ಟುವವರು ಮಂಡಳಿಯೋ ಸರ್ಕಾರವೋ, ಮುಂಜಾಗ್ರತೆ ಏನಾದರೂ ಮಾಡಿದ್ದಾರೋ ಎಂದು ಮಾಹಿತಿ ಹಕ್ಕಿನಲ್ಲಿ ಕೇಳಬಹುದು. ಅರ್ಜಿಗೆ 10 ರೂಪಾಯಿ, ಕನ್ನಡದಲ್ಲೇ ಬರೆಯಬಹುದು. ಇಂಗ್ಲಿಷಿನಲ್ಲಿ ಉತ್ತರ ಬಂದರೆ ಹಾಸ್ಟೆಲಿನಲ್ಲಿ ಕೂತು ಎಲ್ಲರೂ ಸೇರಿ ಓದಿ.